ಪಡಸಾಲೆಯ ದೈವಶಾಸ್ತ್ರ

ದೈವಶಾಸ್ತ್ರವೆಂದೊಡನೆ ನಮ್ಮ ಸಭೆಗಳವರಿಗೆ ನೆನಪಾಗುವುದು ಮಂಗಳೂರಿನ ಬಲ್ಮಠ. 1847ರಲ್ಲಿ ಬಾಸೆಲ್ ಮಿಶನ್ನಿನವರು ಉಪದೇಶಕರನ್ನು ಸಿದ್ಧಗೊಳಿಸಲು ಆರಂಭಿಸಿದ ಶಾಲೆಯ ಪರಂಪರೆಯನ್ನು ಇಂದಿಗೂ ಮುಂದುವರಿಸಿರುವ ಅಲ್ಲಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಎಷ್ಟೋ ಸಭಾಪಾಲಕರನ್ನು ನಾಡಿಗೆ ಕೊಟ್ಟಿದೆ. ಆದರೆ ಹೊಲದ ಕೆಲಸವನ್ನು ಬಿಟ್ಟು ಒಂದು ವಾರವಾದರೂ ಊರಿನಿಂದ ಹೊರಗಿರಲಾರದ ಸಭಿಕರಿಗೆ ಆ ಶಾಸ್ತ್ರದಲ್ಲಿ ಪಾಲುಂಟೇ ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಯಾದಗಿರಿಗೆ ಸಮೀಪದ ಮುದನಾಳದಲ್ಲಿ ಒಂದು ಮನೆಯ ಪಡಸಾಲೆಯನ್ನೇ ಪಾಠಶಾಲೆಯಾಗಿಸಿ, ಹಲವು ವರ್ಷ ಒಂದು ಚಿಕ್ಕ ಅಧ್ಯಯನಕೂಟವನ್ನು ನಡೆಸಿದೆನು. ಅಲ್ಲಿ ಕಲಿತದ್ದನ್ನು, ಇಂತಹ ಕಾರ್ಯಕ್ಕೆ ಕೈಹಾಕುವ ಇತರರಿಗೆ ಪ್ರಯೋಜನವಾಗಬಹುದೆಂದು, ಇಲ್ಲಿ ನಿವೇದಿಸುತ್ತೇನೆ.

ಈ ಕ್ರಮ ನನ್ನ ಕಲ್ಪನೆಯದಲ್ಲ. 1963ರಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಪ್ರೆಸ್ಬಿಟೇರಿಯನ್ ಸೆಮಿನರಿಯವರು, ಸಂಸಾರವನ್ನೂ ದುಡಿಮೆಯನ್ನೂ ಬಿಟ್ಟು ಬರಲಾಗದ ಗ್ರಾಮೀಣ ಸಭಾನಾಯಕರ ಬಳಿಗೆ ವಿದ್ಯೆಯೇ ಹೋಗಬೇಕೆಂದು ನಿಶ್ಚಯಿಸಿ, ಮನೆಯಲ್ಲಿ ಸ್ವಾಧ್ಯಾಯ, ಆಗಾಗ ಸಮೀಪದಲ್ಲೊಂದು ಕೂಟ, ಕಲಿತದ್ದಕ್ಕೆ ಸಭೆಯಲ್ಲಿಯೇ ಪ್ರಯೋಗ ಎಂಬ ಮೂರು ಅಂಗಗಳ ಪದ್ಧತಿಯನ್ನು ರೂಪಿಸಿದರು. ಬೆಂಗಳೂರಿನ ಟಾಫ್ಟಿ ಸಂಸ್ಥೆ 1971ರಲ್ಲಿ ಅದನ್ನೇ ನಮ್ಮ ದೇಶದಲ್ಲಿ ಕೈಗೊಂಡಿತು. ಹೋಲ್‌ಸ್ಟನ್ ಆಸ್ಪತ್ರೆಯನ್ನು ಕಟ್ಟಿದ ಮೆಥೊಡಿಸ್ಟರ ಸೀಮೆ ನಮ್ಮದಾದುದರಿಂದ, ಇನ್ನೂ ಹಳೆಯದೊಂದು ಮಾದರಿಯೂ ನಮಗೆ ಪಿತ್ರಾರ್ಜಿತವಾಗಿ ಬಂದಿತ್ತು. 1742ರಲ್ಲಿ ಬ್ರಿಸ್ಟಲ್ ನಗರದ ಪ್ರಾರ್ಥನಾಗೃಹದ ಸಾಲವನ್ನು ತೀರಿಸಲು ಜಾನ್ ವೆಸ್ಲಿಯವರ ಅನುಯಾಯಿಗಳು ಹನ್ನೆರಡು ಹನ್ನೆರಡು ಮಂದಿಯ ತಂಡಗಳಾಗಿ, ತಲೆಗೆ ವಾರಕ್ಕೊಂದು ಪೆನ್ನಿಯಂತೆ ಕೂಡಿಸಲು ಒಬ್ಬೊಬ್ಬ ನಾಯಕನನ್ನು ನೇಮಿಸಿಕೊಂಡರು. ಹಣಕ್ಕಾಗಿ ಮನೆಮನೆಗೆ ಹೋದವನು ಮನೆಯವರ ಕಷ್ಟಸುಖಗಳನ್ನೂ ನಡೆನುಡಿಗಳನ್ನೂ ಅರಿಯತೊಡಗಲು, ಆ ತಂಡಗಳೇ ಮೆಥೊಡಿಸ್ಟರ ಪ್ರಸಿದ್ಧ ‘ಕ್ಲಾಸು’ಗಳಾದವು. ಯೋಗಕ್ಷೇಮದ ವಿಚಾರಣೆ ಮೊದಲು, ಪಾಠ ಅನಂತರ ಎಂಬ ಕ್ರಮವನ್ನು ನಾನು ಇದರಿಂದಲೇ ಪಡೆದೆನು.

ಕೂಟದ ಪಂಚಾಂಗವನ್ನು ಮಳೆಯೂ ಬೆಳೆಯೂ ಬರೆಯುತ್ತವೆ. ಹತ್ತಿ ಬಿಡಿಸುವ ಕಾಲದಲ್ಲಿ, ತೊಗರಿಯ ರಾಶಿಯ ಕಾಲದಲ್ಲಿ, ನಾರಾಯಣಪುರದ ಕಾಲುವೆ ಹರಿಯುವ ಶಹಾಪುರ ಸುರಪುರಗಳ ಗದ್ದೆಗಳಿಗೆ ಹೆಂಗಸರು ನಾಟಿಗೆ ಹೋಗುವ ದಿನಗಳಲ್ಲಿ, ಪಾಠ ಚಿಕ್ಕದಾಗಲೇಬೇಕು. ಸುಗ್ಗಿ ಮುಗಿದು ಕೆಲವರು ಬೆಂಗಳೂರಿಗೋ ಪುಣೆಗೋ ಗುಳೆ ಹೋದಾಗ, ಅವರು ಮರಳುವ ತನಕ ಹೊಸ ಗ್ರಂಥಭಾಗವನ್ನು ತೆರೆಯದೆ ಕಲಿತದ್ದನ್ನೇ ಪುನರಾವರ್ತಿಸುವುದು ಒಳ್ಳೆಯದು. ಓದುಬರೆಹ ಬಾರದವರನ್ನು ಪ್ರತ್ಯೇಕವಾಗಿ ಕೂಡಿಸಬೇಕೆಂಬ ಸಲಹೆಯನ್ನು ಕೆಲವರು ಕೊಟ್ಟಿದ್ದರು. ಅದನ್ನು ಒಪ್ಪದಿದ್ದುದು ಲೇಸಾಯಿತು. ಒಬ್ಬರು ಸತ್ಯವೇದದ ಭಾಗವನ್ನು ನಿಧಾನವಾಗಿ ಎರಡು ಸಲ ಓದುವರು, ಓದಲು ಬಾರದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವರು. ಹಾಡು ಕಥೆಗಳನ್ನು ಕಂಠಸ್ಥವಾಗಿಟ್ಟುಕೊಂಡು ಬೆಳೆದ ಅವರ ಸ್ಮರಣೆಯಲ್ಲಿ ಒಂದು ವಿವರವೂ ಜಾರುತ್ತಿರಲಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ಪಾಠ ದೊರೆತದ್ದು ಮತ್ತಾಯನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯವನ್ನು ಕೈಗೆತ್ತಿಕೊಂಡಾಗ. ದ್ರಾಕ್ಷಿತೋಟದ ಯಜಮಾನನು ಬೆಳಗಿನಿಂದ ದುಡಿದವರಿಗೂ ಸಂಜೆಯ ಕೊನೆಯ ಗಳಿಗೆಯಲ್ಲಿ ಬಂದವರಿಗೂ ಸಮನಾದ ಕೂಲಿಯನ್ನು ಕೊಟ್ಟ ಆ ಸಾಮ್ಯವನ್ನು ವ್ಯಾಖ್ಯಾನಕಾರರು ಬಹುಮಟ್ಟಿಗೆ ದೇವರ ಕೃಪೆಯ ದೃಷ್ಟಾಂತವೆಂದು ವಿವರಿಸುತ್ತಾರೆ. ನನ್ನ ಟಿಪ್ಪಣಿಯಲ್ಲಿಯೂ ಅದೇ ಇತ್ತು. ಅದನ್ನು ತೆರೆಯುವ ಮುನ್ನ, ಸಂಜೆಯವರೆಗೆ ಪೇಟೆಯಲ್ಲಿ ನಿಂತಿದ್ದವರು ಎಂಥವರಿರಬಹುದೆಂದು ಕೇಳಿದೆನು. ಗಂಡಸರಲ್ಲಿ ಒಬ್ಬರು ಸೋಮಾರಿಗಳೆಂದರು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡಿ ಬಂದಿದ್ದ ಒಬ್ಬ ತಾಯಿ ಕೂಡಲೇ, “ಹಂಗ ಅನಬ್ಯಾಡ ಯಣ್ಣಾ, ಗಟ್ಟಿದ್ದವ್ರನ್ನ ಮುಂಜಾನಿನೇ ಕರ್ಕೊಂಡು ಹೋಗ್ತಾರ, ಮುದುಕ್ರು, ಕೂಸು ಎತ್ಕೊಂಡ ಹೆಣ್ಮಕ್ಳು, ಇವ್ರೇ ಉಳಿಯೋದು. ಕೂಲಿ ಅರ್ಧ ಕೊಟ್ರ ಹೊಟ್ಟಿ ಅರ್ಧ ಹಸೀತದೇನ್ರೀ ಮಾಸ್ತರ?” ಎಂದರು. ಆಮೇಲಿನ ಚರ್ಚೆಯಲ್ಲಿ ನಾನು ಮಾತನಾಡಿದ್ದು ಅತ್ಯಲ್ಪ. ಯಜಮಾನನು ಮೇಸ್ತ್ರಿಯನ್ನು ಕಳುಹಿಸದೆ ತಾನೇ ಮತ್ತೆ ಮತ್ತೆ ಪೇಟೆಗೆ ಹೋದುದನ್ನು ಅವರು ಗುರುತಿಸಿದರು. ಬೆಳಗಿನಿಂದ ದುಡಿದವರ ಗೊಣಗಾಟವೂ ನ್ಯಾಯವಲ್ಲವೇ ಎಂದು ವಾದಿಸಿದರು. ನಮ್ಮ ಸಭೆಯಲ್ಲಿ ಯಾರೂ ಕರೆಯದೆ ನಿಂತವರು ಯಾರೆಂದು ಕೊನೆಗೆ ತಾವೇ ಕೇಳಿಕೊಂಡು, ಹಾಸಿಗೆ ಹಿಡಿದಿದ್ದ ಒಬ್ಬ ವೃದ್ಧರ ಮನೆಯಲ್ಲಿ ಮುಂದಿನ ಕೂಟವನ್ನು ಸೇರಿಸಲು ನಿಶ್ಚಯಿಸಿದರು. ಕೃಪೆಯೆಂಬ ತತ್ತ್ವವು ಅವರ ವಿಚಾರದಲ್ಲಿ ಬಿಟ್ಟುಹೋಗಿರಲಿಲ್ಲ. ಅದು ಕೂಲಿಯ ಲೆಕ್ಕವನ್ನೂ ಸಂಜೆಯ ಒಲೆಯನ್ನೂ ಒಳಗೊಂಡು ಮತ್ತಷ್ಟು ತೂಕವುಳ್ಳದ್ದಾಗಿತ್ತು.

ಅಂದಿನಿಂದ ನಾನು ಪಾಲಿಸಿದ ನಿಯಮ ಒಂದೇ: ಕಲಿಯುವವರು ತಮ್ಮ ಬಾಳಿನಿಂದ ಉತ್ತರಿಸಬಲ್ಲ ಪ್ರಶ್ನೆ ಮೊದಲು, ಟಿಪ್ಪಣಿ ಕೊನೆಗೆ. ಹಾಗೆಂದು ಟಿಪ್ಪಣಿ ನಿರರ್ಥಕವೆಂದಲ್ಲ. ಅಂದಿನ ಪಾಲೆಸ್ತೀನದಲ್ಲಿ ಒಂದು ದಿನಾರಿಯು ಒಂದು ದಿನದ ಕೂಲಿಯಾಗಿತ್ತೆಂಬುದನ್ನು ಅದಿಲ್ಲದೆ ನಾವು ಅರಿಯುತ್ತಿರಲಿಲ್ಲ. ಪಾಂಡಿತ್ಯವು ತನ್ನ ಸರದಿಗೆ ಕಾಯಬೇಕು, ಅಷ್ಟೆ. ಇಂತಹ ಕೂಟದಿಂದ ಸಭಾಪಾಲಕರ ಅಧಿಕಾರಕ್ಕೆ ಕುಂದು ಬಂದೀತೆಂಬ ಶಂಕೆಯೂ ಕೇಳಿಬರುತ್ತದೆ. ಆಲೋಚಿಸಿ ಕೇಳುವ ಸಭಿಕರು ಎದುರಿಗಿರುವಾಗ ಪ್ರಸಂಗವು ಹೆಚ್ಚು ಸಿದ್ಧತೆಯನ್ನು ಬೇಡುವುದೇನೋ ನಿಜ. ಆ ಬೇಡಿಕೆಯಿಂದ ಸಭೆಗೆ ಲಾಭವೇ ಹೊರತು ನಷ್ಟವಿಲ್ಲ.

ಸಾಮಾನ್ಯ ವಿಶ್ವಾಸಿಗಳ ಶಿಕ್ಷಣವನ್ನು ಕಾಲೇಜಿನ ಪಾಠದ ಸಂಕ್ಷೇಪವೆಂದು ಭಾವಿಸುವವರು, ವಿದ್ಯೆ ಒಂದೇ ದಿಕ್ಕಿನಲ್ಲಿ ಸಾಗುವುದೆಂದು ನಂಬಿರುತ್ತಾರೆ. ಗುಳೆ ಹೋಗಿ ಬಂದ ತಾಯಿಯ ಪ್ರಶ್ನೆ ಕಾಲೇಜಿನ ತರಗತಿಯಲ್ಲಿಯೂ ಚರ್ಚೆಗೆ ಬರುವಂತಾದರೆ, ಅಲ್ಲಿಂದ ನಮ್ಮ ಹಳ್ಳಿಗಳಿಗೆ ಬರುವ ತರುಣ ಸಭಾಪಾಲಕರು ಉತ್ತರಗಳನ್ನು ಮಾತ್ರ ಹೊತ್ತು ಬಾರದೆ, ಕೇಳುವ ಅಭ್ಯಾಸವನ್ನೂ ಕಲಿತು ಬಂದಾರು.