ಜಾಗತಿಕ ಆರೋಗ್ಯ ಓದಬೇಕೆ? ಎಂಬಿಬಿಎಸ್ ಕಡ್ಡಾಯವಲ್ಲ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಶಂಕೆ ಎದ್ದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದರೆ ಸಿಕ್ಕಿದ್ದು ಉಣುಗಿನಿಂದ ಹರಡುವ ಬೇರೆಯೇ ವೈರಸ್. ನಾವು ಮಂಗನ ಕಾಯಿಲೆ ಎನ್ನುವುದು ಇದನ್ನೇ. ಇಂಥ ಕಾಯಿಲೆಯನ್ನು ತಡೆಯಲು ಕಾಡು, ದನಕರು, ಕೂಲಿ, ಲಸಿಕೆ, ಸರ್ಕಾರ ಎಲ್ಲವನ್ನೂ ಒಟ್ಟಿಗೆ ನೋಡುವ ಓದು ಜಾಗತಿಕ ಆರೋಗ್ಯ. ಹಾಗಾಗಿ ಇಲ್ಲಿ ವೈದ್ಯರಷ್ಟೇ ಅಲ್ಲ, ನರ್ಸಿಂಗ್, ಸಂಖ್ಯಾಶಾಸ್ತ್ರ, ಸಮಾಜಕಾರ್ಯ ಓದಿದವರೂ ಬೇಕು.

ಮೊದಲು ಪದವಿಯ ಹೆಸರು. ನಮ್ಮಲ್ಲಿ ಈ ದಾರಿ ಹೆಚ್ಚಾಗಿ ಎಂಪಿಎಚ್ (ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್) ಮೂಲಕವೇ ಹೋಗುತ್ತದೆ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ, ಮಣಿಪಾಲ, ನಿಮ್ಹಾನ್ಸ್, ಮೈಸೂರಿನ ಜೆಎಸ್‌ಎಸ್‌ಗಳಲ್ಲಿ ಈ ಕೋರ್ಸ್ ಇದೆ. ಅರ್ಹತೆ ಒಂದೊಂದು ಕಡೆ ಒಂದೊಂದು ರೀತಿ. ಪ್ರಕಟಣೆಯನ್ನೇ ಓದಿ, ಏಜೆಂಟರ ಮಾತು ನಂಬಬೇಡಿ.

ಎರಡನೆಯದು ಪಠ್ಯಕ್ರಮ. ಎಪಿಡೆಮಿಯಾಲಜಿಗೂ ಬಯೋಸ್ಟಾಟಿಸ್ಟಿಕ್ಸ್‌ಗೂ ಎಷ್ಟು ಕ್ರೆಡಿಟ್ ಕೊಟ್ಟಿದ್ದಾರೆ ನೋಡಿ. ಅಂಕಿಅಂಶ ನೆಪಮಾತ್ರಕ್ಕಿದ್ದರೆ, ಕ್ಯಾಂಪಸ್ ಎಷ್ಟೇ ಚೆಂದವಿರಲಿ, ಆ ಕೋರ್ಸ್ ಕೈಬಿಡಿ. ಅಂಕಿಅಂಶ ವಿಶ್ಲೇಷಣೆಯ ‘ಆರ್’ ಎಂಬ ಉಚಿತ ತಂತ್ರಾಂಶವನ್ನು ಸೇರುವ ಮೊದಲೇ ಕಲಿಯಲು ಶುರುಮಾಡಿ.

ವಿದೇಶವೇ ಬೇಕೆಂದರೆ ಅವಸರ ಬೇಡ, ಮೊದಲು ಕೆಲಸ ಮಾಡಿ. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನ ಕನಿಷ್ಠ 2,800 ಗಂಟೆ, ಅಂದರೆ ಸುಮಾರು 2 ವರ್ಷದ ಅನುಭವ ಕೇಳುತ್ತದೆ. ಆಶಾ ಕಾರ್ಯಕರ್ತೆಯರ ಜೊತೆ ಮನೆಮನೆ ಸುತ್ತಿದವರಿಗೆ ಬರೆಯಲು ವಿಷಯಕ್ಕೆ ಬರವಿರುವುದಿಲ್ಲ. ಉದ್ದೇಶಪತ್ರದಲ್ಲಿ ‘ಚಿಕ್ಕಂದಿನಿಂದಲೂ ಸೇವೆಯ ಕನಸು’ ಎಂದು ಬರೆಯುವವರು ಸಾವಿರ ಜನ. ನಿಮ್ಮ ತಾಲ್ಲೂಕಿನ ಬಾಣಂತಿಯರು ಹತ್ತಿರದ ಆಸ್ಪತ್ರೆ ಬಿಟ್ಟು ದೂರದ್ದಕ್ಕೆ ಏಕೆ ಹೋಗುತ್ತಾರೆ ಎಂಬಂಥ ಒಂದೇ ಪ್ರಶ್ನೆಯನ್ನು ಬಿಡಿಸಿ ಬರೆಯಿರಿ.

ಬ್ರಿಟನ್ನಿಗೆ ಹೋಗುವ ಮುನ್ನ ಅಲ್ಲಿನ ಶಾಲೆಗಳ ಹಿನ್ನೆಲೆಯೂ ಗೊತ್ತಿರಲಿ. ಲಂಡನ್ (1899) ಮತ್ತು ಲಿವರ್‌ಪೂಲಿನ (1898) ಉಷ್ಣವಲಯ ವೈದ್ಯಶಾಲೆಗಳು ಹುಟ್ಟಿದ್ದು ವಸಾಹತುಗಳ ವ್ಯಾಪಾರ, ಆಡಳಿತದ ಹಿತಕ್ಕೆ. ಆ ಇತಿಹಾಸದ ಬಗ್ಗೆ ಈಗ ತರಗತಿಗಳಲ್ಲೇ ವಾಗ್ವಾದ ನಡೆಯುತ್ತದೆ. ಓದಿಕೊಂಡು ಹೋಗಿ, ಬಾಯಿಮುಚ್ಚಿ ಕೂರಬೇಕಾಗಿಲ್ಲ.

ಇನ್ನು ಚೀವ್ನಿಂಗ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ತೆರೆಯುತ್ತದೆ. ಅದರಲ್ಲಿ 3 ಕೋರ್ಸ್ ಹೆಸರಿಸಬೇಕು. ಶಿಫಾರಸು ಬರೆಯುವವರನ್ನು ಜುಲೈನಲ್ಲೇ ಕೇಳಿಡಿ. ಓದು ಮುಗಿದ ಮೇಲೆ ಕನಿಷ್ಠ 2 ವರ್ಷ ಸ್ವದೇಶದಲ್ಲಿರಬೇಕೆಂಬ ಷರತ್ತೂ ಉಂಟು. ಮಗ, ಮಗಳು ಅಲ್ಲೇ ನೆಲೆಸುತ್ತಾರೆಂದು ಲೆಕ್ಕಹಾಕುತ್ತಿರುವ ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.