ತಾಂಬೂಲವೂ ತಂಬಾಕೂ: ಒಂದು ವಿವೇಚನೆ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಹೇಳಿದಾಗ, ಅವರು ನನ್ನಿಂದ ಷಟ್ಪದಿಯ ಲಕ್ಷಣವನ್ನೋ ಕೇಶಿರಾಜನ ಒಂದು ಸೂತ್ರವನ್ನೋ ಕುರಿತ ಬರಹವನ್ನು ನಿರೀಕ್ಷಿಸಿದ್ದಿರಬೇಕು. ಈ ಸಲ ಬೇರೊಂದು ವಿಷಯವನ್ನು ಎತ್ತಿಕೊಳ್ಳಲು ವಾಚಕರ ಅಪ್ಪಣೆ ಬೇಡುತ್ತೇನೆ. ಅಗಿಯುವ ಹೊಗೆಸೊಪ್ಪಿನಿಂದ ಒದಗುವ ಕೇಡು, ಅದನ್ನು ಬಿಡುವುದರಲ್ಲಿರುವ ಕಷ್ಟ ಇವೇ ಆ ವಿಷಯ. ವ್ಯಾಕರಣ ಪಂಡಿತನಿಗೆ ವೈದ್ಯದ ಗೊಡವೆ ಏಕೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಇಪ್ಪತ್ತಮೂರು ವರ್ಷ ಕಾಲ ಕಡ್ಡಿಪುಡಿಯನ್ನು ದವಡೆಯ ಸಂದಿಯಲ್ಲಿಟ್ಟುಕೊಂಡೇ ಪಾಠ ಹೇಳಿದವನು ನಾನು. ಪಾಠದ ನಡುವೆ ಎದ್ದು ಕಿಟಕಿಯ ಬಳಿಗೆ ಹೋಗಿ ಬರುತ್ತಿದ್ದ ಮೇಷ್ಟರನ್ನು ನನ್ನ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು.

ಪದವಿಚಾರ

ಮೊದಲು ಪದಗಳಿಂದಲೇ ಹೊರಡೋಣ. ತಾಂಬೂಲವು ನಮ್ಮ ನಾಡಿನಲ್ಲಿ ಅತಿ ಪ್ರಾಚೀನವಾದುದು. ಬಾಯಿಯ ಶುದ್ಧಿಗೂ ಪರಿಮಳಕ್ಕೂ ವೀಳ್ಯದೆಲೆ, ಅಡಕೆ, ಲವಂಗ, ಏಲಕ್ಕಿ, ಕರ್ಪೂರ ಮೊದಲಾದವನ್ನು ಬಾಯಲ್ಲಿರಿಸಿಕೊಳ್ಳಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿಯೇ ಹೇಳಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ತಾಂಬೂಲಭೋಗವೆಂಬ ಪ್ರಕರಣವೇ ಉಂಟು. ಅದೇ ಶತಮಾನದ ಶರಣರಲ್ಲಿ ಎಲೆಗಾರ ಕಾಮಣ್ಣನಿಗೆ ವೀಳ್ಯದೆಲೆಯ ವ್ಯಾಪಾರವೇ ಕಾಯಕವಾಗಿತ್ತು. ಆದರೆ ಆ ಕಾಲದ ತಾಂಬೂಲದಲ್ಲಿ ಹೊಗೆಸೊಪ್ಪು ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಹೊಗೆಸೊಪ್ಪಿನ ಗಿಡ ಅಮೆರಿಕಾ ಖಂಡದ್ದು. ಅದು ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಪಶ್ಚಿಮ ತೀರಕ್ಕೆ ಬಂದಿಳಿಯಿತು. ಅಕ್ಬರನ ರಾಯಭಾರಿ ಅಸದ್ ಬೇಗನು ಹದಿನೇಳನೆಯ ಶತಮಾನದ ಆರಂಭದಲ್ಲಿ ನಮ್ಮ ವಿಜಾಪುರಕ್ಕೆ ಬಂದಾಗ ಇಲ್ಲಿ ತಂಬಾಕನ್ನು ಮೊದಲ ಸಲ ಕಂಡು, ಅದನ್ನು ಬಾದಶಹನ ಆಸ್ಥಾನಕ್ಕೆ ಕಾಣಿಕೆಯಾಗಿ ಒಯ್ದನು. ಆಸ್ಥಾನದ ವೈದ್ಯನು ಆಗಲೇ ಆಕ್ಷೇಪಿಸಿದನು. ೧೬೧೭ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿದನಾದರೂ ಪ್ರಯೋಜನವಾಗಲಿಲ್ಲ.

ತಾಂಬೂಲ, ತಂಬಾಕು ಎಂಬ ಎರಡು ಶಬ್ದಗಳಿಗೆ ಕಿವಿಗೆ ಕೇಳುವ ಸಾಮ್ಯವಲ್ಲದೆ ಬೇರಾವ ಸಂಬಂಧವೂ ಇಲ್ಲ. ಆದರೂ ನಿನ್ನೆ ಬಂದ ತಂಬಾಕು ಸಾವಿರಾರು ವರ್ಷಗಳ ತಾಂಬೂಲದ ಎಲೆಯೊಳಗೆ ಮಡಿಸಿಕೊಂಡು ಕುಳಿತು, ಅದರ ಗೌರವವನ್ನೆಲ್ಲ ತನ್ನದಾಗಿಸಿಕೊಂಡಿತು. ಬೀಡಿ ಸೇದುವವನು ಹಿರಿಯರ ಮುಂದೆ ಅದನ್ನು ಮರೆಮಾಡುತ್ತಾನೆ. ಹೊಗೆಸೊಪ್ಪು ಹಾಕುವವನು ಹಿರಿಯರ ತಟ್ಟೆಯಿಂದಲೇ ಎತ್ತಿಕೊಳ್ಳುತ್ತಾನೆ. ಹೊಗೆಸೊಪ್ಪು ಎಂಬ ಹೆಸರೂ ದಾರಿ ತಪ್ಪಿಸುವಂತಹುದೇ. ಹೊಗೆ ಇದ್ದರೆ ತಾನೆ ಕೇಡು, ನಾವು ಹೊಗೆ ಕುಡಿಯುವುದಿಲ್ಲವಲ್ಲ ಎಂದು ಅಗಿಯುವವರು ಸಮಾಧಾನಪಟ್ಟುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಬಾಯೊಳಗೆ ನಡೆಯುವುದೇನು?

ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಎಂಬ ಸತ್ತ್ವವೇ ಮನಸ್ಸನ್ನು ಕಟ್ಟಿಹಾಕುವುದು. ಅಂಗೈಯಲ್ಲಿ ಸುಣ್ಣ ಸೇರಿಸಿ ತಿಕ್ಕುವ ನಮ್ಮ ಪದ್ಧತಿಗೆ ಕಾರಣವೂ ಇದೇ. ಸುಣ್ಣದ ಕ್ಷಾರಗುಣದಿಂದ ನಿಕೋಟಿನ್ ಬಿಡುಗಡೆಗೊಂಡು ಕೆನ್ನೆಯ ಒಳಚರ್ಮದ ಮೂಲಕ ಬೇಗನೆ ರಕ್ತಕ್ಕಿಳಿಯುತ್ತದೆ. ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುವುದರಿಂದ ಮತ್ತೆ ಬೇಕೆನಿಸುತ್ತದೆ. ಚಟಕ್ಕೆ ಕಾರಣ ನಿಕೋಟಿನ್ನಾದರೆ, ಅರ್ಬುದಕ್ಕೆ, ಎಂದರೆ ಕ್ಯಾನ್ಸರಿಗೆ, ಕಾರಣವಾಗುವ ವಸ್ತುಗಳು ಬೇರೆ. ಹೊಗೆಯಿಲ್ಲದ ತಂಬಾಕಿನಲ್ಲಿ ಅಂತಹವು ಕನಿಷ್ಠ ೨೮ ಇವೆಯೆಂದು ಗುರುತಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಬೆರೆತ ತಾಂಬೂಲವು ಕ್ಯಾನ್ಸರ್‌ಕಾರಕವೆಂದು ೧೯೮೫ರಲ್ಲಿಯೇ ಸಾರಿತು. ೨೦೦೪ರಲ್ಲಿ ಪ್ರಕಟವಾದ ಅದರ ಸಂಪುಟವು ಅಡಕೆಯನ್ನೂ ಅದೇ ವರ್ಗಕ್ಕೆ ಸೇರಿಸಿತು. ಅಡಕೆ ಬೆಳೆಯುವ ನಮ್ಮ ನಾಡಿಗೆ ಇದು ಕಹಿಯಾದ ಮಾತು, ಆದರೂ ಮುಚ್ಚಿಡತಕ್ಕದ್ದಲ್ಲ. ಬಾಯಿಯ ಒಳಚರ್ಮ ಬಿಗಿದು, ದವಡೆ ತೆರೆಯಲಾಗದಂತೆ ಮಾಡುವ ರೋಗಕ್ಕೆ ಮುಖ್ಯ ಕಾರಣ ಅಡಕೆಯೇ.

ಈ ವಿಷಯದಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆದ ಅಧ್ಯಯನವೊಂದನ್ನು ಎಲ್ಲರೂ ತಿಳಿದಿರಬೇಕು. ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ನೋಂದಣಿಯ ಕಾರ್ಯ ೧೯೮೨ರಿಂದ ನಡೆದು ಬಂದಿದೆ. ಆ ನೋಂದಣಿಯಿಂದ ಬಾಯಿಯ ಕ್ಯಾನ್ಸರಿನ ೩೪೮ ರೋಗಿಗಳನ್ನು ಆರಿಸಿ, ಅದೇ ವಯಸ್ಸಿನ, ಅದೇ ಬಡಾವಣೆಯ ಆರೋಗ್ಯವಂತರೊಡನೆ ಹೋಲಿಸಿ ನೋಡಿದರು. ಫಲಿತಾಂಶ ೧೯೯೦ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತಂಬಾಕು ಸೇರಿದ ಎಲೆಯಡಕೆ ಹಾಕುವ ಹೆಂಗಸರಿಗೆ ಈ ರೋಗದ ಅಪಾಯವು ಹಾಕದವರಿಗಿಂತ ಸುಮಾರು ೨೫ ಪಟ್ಟು ಹೆಚ್ಚಾಗಿತ್ತು. ಎಷ್ಟು ವರ್ಷ ಹಾಕಿದರು, ದಿನಕ್ಕೆ ಎಷ್ಟು ಸಲ ಹಾಕಿದರು, ಎಷ್ಟು ಹೊತ್ತು ಬಾಯಲ್ಲಿಟ್ಟುಕೊಂಡರು ಎಂಬುದಕ್ಕೆ ತಕ್ಕಂತೆ ಅಪಾಯವೂ ಏರುತ್ತಿತ್ತು. ಬಾಯಲ್ಲಿಟ್ಟುಕೊಂಡೇ ನಿದ್ರಿಸುವವರ ಗತಿ ಬಹಳ ಕೆಟ್ಟದಾಗಿತ್ತು. ಹಲ್ಲುನೋವಿಗೆಂದು ಒಂದು ಎಸಳು ಹೊಗೆಸೊಪ್ಪನ್ನು ಒತ್ತಿಟ್ಟುಕೊಂಡು ಮಲಗುವ ನಮ್ಮ ಅಜ್ಜಿಯಂದಿರನ್ನು ನೆನೆದು ಈ ವಾಕ್ಯವನ್ನು ಓದಬೇಕು.

   

ಎರಡು ಮೂರು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ, ಬಾಯಿ ಮೊದಲಿನಂತೆ ತೆರೆಯದಿರುವುದು, ಇವುಗಳಲ್ಲಿ ಯಾವುದೇ ಕಂಡರೂ ತಡಮಾಡದೆ ದಂತವೈದ್ಯರಿಗೆ ತೋರಿಸತಕ್ಕದ್ದು. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಲು ಆಗುವುದೇ ಎಂದು ಪ್ರತಿಯೊಬ್ಬನೂ ಮನೆಯಲ್ಲೇ ನೋಡಿಕೊಳ್ಳಬಹುದು. ಬಾಯಿಯ ಹೊರಗೂ ಕೇಡು ತಪ್ಪಿದ್ದಲ್ಲ. ಗರ್ಭಿಣಿಯರು ಹಾಕಿದರೆ ಶಿಶುವಿನ ತೂಕ ಕುಂದುತ್ತದೆ, ಗರ್ಭದಲ್ಲಿಯೇ ಸಾಯುವ ಸಂಭವವೂ ಹೆಚ್ಚುತ್ತದೆ.

ಬಿಡುವ ಕಷ್ಟ

ಪಾಠಶಾಲೆಯಲ್ಲಿ ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ, ನಿದ್ದೆ ತಡೆಯಲೆಂದು, ಸಹಪಾಠಿಯೊಬ್ಬನು ನನ್ನ ಅಂಗೈಗೆ ಮೊದಲ ಚಿಟಿಕೆಯನ್ನು ಹಾಕಿದನು. ಅವನು ಮುಂದೆ ಒಳ್ಳೆಯ ಗಮಕಿಯಾದನು, ನಾನು ಮೇಷ್ಟರಾದೆ. ಕಡ್ಡಿಪುಡಿಯನ್ನು ಇಬ್ಬರೂ ಬಿಡಲಿಲ್ಲ.

ಒಂದು ದಿನ ತರಗತಿಯಲ್ಲಿ ಹುಡುಗನೊಬ್ಬನಿಗೆ ಹಳಗನ್ನಡ ಪದ್ಯವೊಂದನ್ನು ಓದಲು ಹೇಳಿದೆ. ಅವನು ಗಲ್ಲವನ್ನು ಮೇಲೆತ್ತಿ, ತುಟಿಯನ್ನು ಅರ್ಧವೇ ತೆರೆದು, ಪ ಭ ಮ ಎಂಬ ಓಷ್ಠ್ಯಾಕ್ಷರಗಳನ್ನೆಲ್ಲ ಜಾರಿಸುತ್ತ ಓದಿದನು. ಏಕೆ ಹೀಗೆ ಓದುವೆಯೆಂದು ಗದರಿದೆ. ಅವನು ಹಾಸ್ಯಕ್ಕೆ ಹಾಗೆ ಮಾಡಿದವನಲ್ಲ. “ನೀವು ಓದುವ ಹಾಗೆಯೇ ಓದಿದೆ, ಸಾರ್” ಎಂದನು. ಉಚ್ಚಾರಣಶುದ್ಧಿಯೇ ತನ್ನ ವೃತ್ತಿಯ ಮಾನವೆಂದು ತಿಳಿದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದು? ಅಂದೇ ಡಬ್ಬಿಯನ್ನು ಚರಂಡಿಗೆ ಎಸೆದೆ. ಮೂರನೆಯ ದಿನ ತಲೆ ಸಿಡಿಯಿತು, ಕೈಬರಹ ಕೆಟ್ಟಿತು, ಮಕ್ಕಳ ಮೇಲೆ ಸಿಟ್ಟು ಹರಿಯಿತು. ನಾಲ್ಕನೆಯ ದಿನ ಹೊಸ ಡಬ್ಬಿ ಕೊಂಡೆ. ಬಿಟ್ಟ ಎರಡು ಮೂರು ದಿನಗಳಲ್ಲಿಯೇ ಸಂಕಟ ತುತ್ತತುದಿಗೇರಿ, ಆಮೇಲೆ ವಾರದಿಂದ ವಾರಕ್ಕೆ ಇಳಿಯುವುದೆಂದು ಆಗ ನನಗೆ ಹೇಳುವವರಿರಲಿಲ್ಲ. ಮರುವರ್ಷ ನಲವತ್ತು ದಿನ ಬಿಟ್ಟೆ. ನಲವತ್ತೊಂದನೆಯ ದಿನ ಒಂದು ಮದುವೆಯ ಮನೆಯಲ್ಲಿ ತಾಂಬೂಲದ ತಟ್ಟೆ ಮುಂದೆ ಬಂದಿತು. ಬೇಡವೆಂದರೆ ಕೊಟ್ಟವರಿಗೆ ಅವಮಾನವೆಂದುಕೊಂಡೆ.

ಅನಂತರ ದಂತ ತಪಾಸಣೆಯ ಶಿಬಿರದಲ್ಲಿ ನನ್ನ ಬಾಯೊಳಗೆ ಮೂರು ಬೆರಳುಗಳ ಬದಲು ಎರಡೇ ಹೋದವು. ಎಡಗೆನ್ನೆಯ ಒಳಗೆ ಬಿಳಿಯ ಮಚ್ಚೆಯಿತ್ತು. ಅದರ ಚೂರನ್ನು ತೆಗೆದು ಪರೀಕ್ಷಿಸಿ, ಇದು ಕ್ಯಾನ್ಸರಲ್ಲ, ಆದರೆ ಹೀಗೆಯೇ ಮುಂದುವರಿದರೆ ಆಗಬಹುದು ಎಂದರು. ಅದೇ ಕಾಲಕ್ಕೆ ನನ್ನ ಆ ಗೆಳೆಯನು ಶಸ್ತ್ರಚಿಕಿತ್ಸೆಯಲ್ಲಿ ದವಡೆಯ ಒಂದು ಭಾಗವನ್ನು ಕಳೆದುಕೊಂಡನು. ನೋಡಲು ಹೋದಾಗ ಅವನು ಸ್ಲೇಟಿನ ಮೇಲೆ ಬರೆದು ಮಾತನಾಡಿದನು. ವರ್ಷ ತುಂಬುವ ಮೊದಲೇ ತೀರಿಕೊಂಡನು.

ಆಗ ನಾನು ತಂಬಾಕು ತ್ಯಜನದ ಚಿಕಿತ್ಸಾಲಯಕ್ಕೆ ಹೋದೆ. ಅಲ್ಲಿಯ ಸಲಹೆಗಾರರು ಉಪದೇಶ ಮಾಡಲಿಲ್ಲ. ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿನಲ್ಲಿ, ಏನು ಮಾಡುವಾಗ ಹಾಕುತ್ತೀರಿ ಎಂದು ಒಂದು ವಾರ ಬರೆದು ತನ್ನಿರಿ ಎಂದರು. ಪದ್ಯಕ್ಕೆ ಪ್ರಸ್ತಾರ ಹಾಕುವಂತೆ ನನ್ನ ದಿನಕ್ಕೆ ಪ್ರಸ್ತಾರ ಹಾಕಿದೆ. ದಿನಕ್ಕೆ ಹದಿನಾಲ್ಕು ಸಲ! ಅವುಗಳಲ್ಲಿ ಬೇಕೆನಿಸಿ ಹಾಕಿದ್ದು ಐದು. ಉಳಿದ ಒಂಬತ್ತು ಸಲ ಕೈ ತಾನಾಗಿ ಡಬ್ಬಿಗೆ ಹೋಗಿತ್ತು. ಆ ಒಂಬತ್ತನ್ನು ಮೊದಲು ಬಿಡಿಸಿದರು. ಒಂದು ದಿನಾಂಕವನ್ನು ಗೊತ್ತುಮಾಡಿ ಮನೆಯವರಿಗೂ ಸಹೋದ್ಯೋಗಿಗಳಿಗೂ ತಿಳಿಸಲು ಹೇಳಿದರು. ಬಯಕೆ ಬಂದಾಗ ಕೆಲವು ನಿಮಿಷ ತಡೆದರೆ ಅದು ತಾನೇ ಇಳಿಯುತ್ತದೆ; ಆ ಹೊತ್ತಿಗೆ ನೀರು ಕುಡಿಯುವುದು, ದೀರ್ಘವಾಗಿ ಉಸಿರಾಡುವುದು, ಲವಂಗವನ್ನೋ ಏಲಕ್ಕಿಯನ್ನೋ ಬಾಯಿಗಿಡುವುದು. ವೈದ್ಯರು ಕೆಲವು ವಾರ ನಿಕೋಟಿನ್ ಗೋಂದನ್ನೂ ಬರೆದುಕೊಟ್ಟರು. ನಡುವೆ ಒಮ್ಮೆ ಜಾರಿದೆ. “ಒಂದು ದಿನ ಬಿದ್ದವರು ಮರುದಿನ ಏಳಬೇಕು, ಅಷ್ಟೆ” ಎಂದರು.

ಈಗ ಆರು ವರ್ಷವಾಯಿತು. ಮಚ್ಚೆ ಮಸುಕಾಗಿದೆ. ಬಿಗಿದ ದವಡೆ ಮಾತ್ರ ಹಿಂದಿನಂತಾಗಲಿಲ್ಲ. ಮೂರನೆಯ ಬೆರಳು ಇಂದಿಗೂ ಹೋಗದು. ಆರು ತಿಂಗಳಿಗೊಮ್ಮೆ ತಪಾಸಣೆ ತಪ್ಪದು.

ಕರ್ತವ್ಯ

ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿರುವ ನಮ್ಮ ರಾಜಾನುಕುಂಟೆಯ ಅಂಗಡಿಗಳ ಮುಂದೆ ತೋರಣದಂತೆ ತೂಗುವ ಸಣ್ಣ ಪೊಟ್ಟಣಗಳನ್ನು ಎಲ್ಲರೂ ಕಂಡಿದ್ದೇವೆ. ಲಾರಿಯ ಚಾಲಕನಿಗೆ ನಿದ್ದೆ ಬರಬಾರದು. ರೇಷ್ಮೆಯ ಮಗ್ಗದ ಮುಂದೆ ಕುಳಿತವನು ಬೀಡಿ ಹಚ್ಚುವಂತಿಲ್ಲ. ಕಟ್ಟಡದ ಕೂಲಿಗೆ ಹಸಿವು ಮರೆಯಬೇಕು. ಅಗಿಯುವವರ ಕಾರಣಗಳು ಇಂತಹವು. ಅವರನ್ನು ಹೀನೈಸಿ ಫಲವಿಲ್ಲ. ೨೦೧೬-೧೭ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇಕಡ ೧೬.೩ರಷ್ಟು ಮಂದಿ ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದರು. ೨೦೦೯-೧೦ರಲ್ಲಿ ಇದು ೧೯.೪ ಇದ್ದಿತು. ೨೦೧೬-೧೭ರ ಸಮೀಕ್ಷೆಯಂತೆ ದೇಶದಲ್ಲಿ ಅಗಿಯುವವರ ಪೈಕಿ ಸುಮಾರು ಅರ್ಧದಷ್ಟು ಜನ ಬಿಡುವ ಯೋಚನೆಯಲ್ಲಿದ್ದರು. ಮೂರರಲ್ಲೊಬ್ಬರು ಹಿಂದಿನ ವರ್ಷದಲ್ಲಿ ಯತ್ನಿಸಿಯೂ ಇದ್ದರು. ಮನಸ್ಸಿಲ್ಲವೆಂದಲ್ಲ, ನೆರವಿಲ್ಲ.

ಕಾನೂನು ತನ್ನ ಪಾಲಿನದನ್ನು ಮಾಡಿದೆ. ೨೦೦೩ರ ಕಾಯಿದೆಯು ಶಾಲೆಯ ಸುತ್ತ ನೂರು ಗಜದೊಳಗೆ ತಂಬಾಕಿನ ಮಾರಾಟವನ್ನು ತಡೆಯಿತು. ೨೦೧೩ರಲ್ಲಿ ಕರ್ನಾಟಕವು ಗುಟ್ಕಾವನ್ನು ನಿಷೇಧಿಸಿತು. ಕೂಡಲೇ ಅಡಕೆಯ ಪುಡಿ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಮಾರಾಟ ನಡೆಯಿತು. ೨೦೨೫ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯು ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು ೨೧ಕ್ಕೆ ಏರಿಸಿದೆ.

ಉಳಿದುದು ನಮ್ಮ ಪಾಲಿನದು. ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿಯೇನೆಂದರೆ, ಮಕ್ಕಳು ನಾವು ಹೇಳಿದ ಪಾಠವನ್ನು ಮರೆತರೂ ನಮ್ಮ ತುಟಿಯ ಚಲನೆಯನ್ನು ಮರೆಯುವುದಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಈ ಚಟವಿರುವವರು ಸಂಕೋಚಪಡದೆ ಕಿದ್ವಾಯಿ ಸಂಸ್ಥೆಯ ಅಥವಾ ನಿಮ್ಹಾನ್ಸ್‌ನ ನೆರವು ಪಡೆಯಲಿ. ೧೮೦೦-೧೧-೨೩೫೬ ಎಂಬ ರಾಷ್ಟ್ರೀಯ ಉಚಿತ ದೂರವಾಣಿಗೆ ಕರೆ ಮಾಡಿದರೂ ಸಲಹೆ ದೊರೆಯುತ್ತದೆ. ದಾನಿಗಳಲ್ಲಿ ಒಂದೇ ಬೇಡಿಕೆ: ತಾವು ನಡೆಸುವ ಮದುವೆ ಮುಂಜಿ ಉತ್ಸವಗಳಲ್ಲಿ ತಾಂಬೂಲದ ತಟ್ಟೆಯಿಂದ ಹೊಗೆಸೊಪ್ಪಿನ ಬಟ್ಟಲನ್ನು ತೆಗೆಸಿರಿ. ಊಟದ ಕೊನೆಗೆ ಸೋಂಪು, ಏಲಕ್ಕಿ, ಲವಂಗ ಇರಲಿ. ಫಲತಾಂಬೂಲವನ್ನು ಕೈನೀಡಿ ಸ್ವೀಕರಿಸುವುದು ಮರ್ಯಾದೆ. ಅದನ್ನು ದಿನವಿಡೀ ಮೆಲ್ಲುವುದು ಆ ಮರ್ಯಾದೆಯ ಭಾಗವಲ್ಲ. ನಲವತ್ತೊಂದನೆಯ ದಿನ ನನ್ನ ಮುಂದೆ ಬಂದ ತಟ್ಟೆಯಲ್ಲಿ ಆ ಬಟ್ಟಲು ಇಲ್ಲದಿದ್ದರೆ ನನ್ನ ಬಾಯಿ ಇನ್ನಷ್ಟು ತೆರೆಯುತ್ತಿತ್ತೇನೋ.

ಅಂದು ಪದ್ಯ ಓದಿದ ಹುಡುಗನು ಇಂದು ಈ ಸಂಚಿಕೆಯ ವಾಚಕರಲ್ಲಿ ಒಬ್ಬನಾಗಿರಬಹುದು. ಅವನಿಗೆ ನಾನು ಗುರುವಾಗಿದ್ದುದಕ್ಕಿಂತ ಅವನೇ ನನಗೆ ಗುರುವಾದನೆಂದು ಒಪ್ಪಿಕೊಂಡು, ಈ ಬರಹವನ್ನು ಮುಗಿಸುತ್ತೇನೆ.