ದಾಳ ಒತ್ತಿ ಸಿಕ್ಕ ಸದ್ದು ನನ್ನದೇನ್ರಿ?

ಪ್ರಶ್ನೆ: ಅಕ್ಕಾರ, ನಾನು ಸವದತ್ತಿ ತಾಲೂಕಿನವ. ಬೈಲಹೊಂಗಲದ ಮೊಬೈಲ್ ರಿಪೇರಿ ಅಂಗಡ್ಯಾಗ ಕೆಲಸ. ರಾತ್ರಿ ಸಿಂಥ್ ಆ್ಯಪ್ ತಗೊಂಡು ಜಾನಪದ ಹಾಡಿಗೆ ಮ್ಯೂಸಿಕ್ ಮಾಡತೀನಿ. ಆ್ಯಪ್‌ನಾಗ ದಾಳದ ಚಿತ್ರದ ಬಟನ್ ಐತಿ. ಒತ್ತಿದರ ಎಲ್ಲಾ ನಾಬ್ ತಾವೇ ತಿರುಗಿ ಹೊಸ ಸೌಂಡ್ ಬರತೈತಿ. ಹಂಗ ಸಿಕ್ಕ ಒಂದು ಸೌಂಡ್ ಸಂಗೊಳ್ಳಿ ರಾಯಣ್ಣನ ಹಾಡಿಗೆ ಹಾಕಿದ್ದೆ. ಕಿತ್ತೂರು ಉತ್ಸವದ ಹೊತ್ತಿಗೆ ಟ್ರ್ಯಾಕ್ಟರ್‌ದಾಗೆಲ್ಲ ಅದೇ ಹಾಡು. ಈಗ ರಾಮದುರ್ಗದ ಹಾಡುಗಾರರೊಬ್ಬರು ಅದೇ ಸೌಂಡ್ ಬೇಕು ಅಂದಾರ. ನಾನು ಸೇವ್ ಮಾಡಿರಲಿಲ್ಲ. ಮೂರು ರಾತ್ರಿ ದಾಳ ಒತ್ತಿದೆ, ಬರಲಿಲ್ಲ. ಭಜನಾ ಮೇಳದಾಗ ಪೇಟಿ ಬಾರಿಸೋ ನಮ್ಮ ಮುತ್ಯಾ, ‘ಗುಂಡಿ ಒತ್ತೋದು ವಿದ್ಯೆ ಏನೋ?’ ಅಂದ. ಅವತ್ತಿಂದ ನಾನು ಮಂದಿಗೆ ಮೋಸ ಮಾಡಾಕತ್ತೀನಿ ಅನಸ್ತೈತಿ. ಬಿಟ್ಟುಬಿಡಲೇನ್ರಿ?
– ಹೆಸರು ಬ್ಯಾಡ್ರಿ

ಉತ್ತರ: ತಮ್ಮಾ, ಬಿಡಬ್ಯಾಡ. ಮೊದಲು ಆ ಮೂರು ರಾತ್ರಿಯ ಸಂಕಟ ಮುಗಿಸೋಣ. ನಿನ್ನ ಆ್ಯಪ್‌ನಲ್ಲಿ 30 ನಾಬ್ ಇವೆ, ಒಂದೊಂದಕ್ಕೂ 128 ಹಂತ ಅಂತ ಇಟ್ಟುಕೋ. ಹುಟ್ಟಬಹುದಾದ ಸದ್ದುಗಳ ಲೆಕ್ಕ ಬರೆಯಲು ಹೋದರೆ ಒಂದರ ಮುಂದೆ 63 ಸೊನ್ನೆ ಇಟ್ಟರೂ ಸಾಲದು. ಕಳೆದುಹೋದದ್ದು ದಾಳದಿಂದ ಮರಳಿ ಬರುವುದಿಲ್ಲ. ಆದರೆ ಹಾಡು ನಿನ್ನ ಕೈಯಲ್ಲೇ ಇದೆಯಲ್ಲ! ಅದರಲ್ಲಿ ಆ ಸದ್ದು ಒಂಟಿಯಾಗಿ ಕೇಳುವ ಜಾಗ ಹುಡುಕು, ಶುರುವಿನಲ್ಲೋ ಚರಣಗಳ ನಡುವೆಯೋ ಸಿಕ್ಕೀತು. ಆ ಒಂದು ಸ್ವರವನ್ನು ಕತ್ತರಿಸಿ ಸ್ಯಾಂಪ್ಲರ್‌ಗೆ ಹಾಕಿದರೆ ತಕ್ಷಣದ ಕೆಲಸ ನಡೆಯುತ್ತದೆ. ಹಾಗೇ ಅದನ್ನು ಕಿವಿಗೆ ಹಚ್ಚಿಕೊಂಡು ಕೇಳು. ಸದ್ದು ಥಟ್ಟನೆ ಏಳುತ್ತದೋ, ಮೆಲ್ಲಗೆ ಏಳುತ್ತದೋ? ಬಿಟ್ಟ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ? ಮೊದಲು ಚುರುಕಾಗಿದ್ದು ಆಮೇಲೆ ಮಂಕಾಗುತ್ತದೋ? ಇವಕ್ಕೆ ಉತ್ತರ ಸಿಕ್ಕರೆ ಅಟ್ಯಾಕ್, ರಿಲೀಸ್, ಫಿಲ್ಟರ್ ಎಲ್ಲಿಡಬೇಕು ಎಂಬುದು ನಿನಗೇ ತಿಳಿಯುತ್ತದೆ. ಅದೇ ಸದ್ದು ಬರಲಿಕ್ಕಿಲ್ಲ, ಅದರ ತಮ್ಮನಂಥದೊಂದು ಬಂದೀತು.

ಇನ್ನು ಮೋಸದ ಮಾತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರರು 1967ರಲ್ಲಿ ಕಂಪ್ಯೂಟರಿನ ಒಂದು ಸ್ವರವನ್ನು ಅಲುಗಾಡಿಸುತ್ತ ಕುಳಿತಿದ್ದರು. ನಮ್ಮ ಗಾಯಕರು ಸ್ವರವನ್ನು ಆಂದೋಲನ ಮಾಡುತ್ತಾರಲ್ಲ, ಆ ಥರದ ಅಲುಗಾಟ. ಹೇಗಾಗುತ್ತದೆ ನೋಡೋಣ ಎಂದು ಅದರ ವೇಗವನ್ನೂ ಆಳವನ್ನೂ ಹೆಚ್ಚಿಸುತ್ತ ಹೋದರು. ಒಂದು ಹಂತ ದಾಟಿದ ಮೇಲೆ ಅಲುಗಾಟ ಕೇಳಿಸಲೇ ಇಲ್ಲ, ಬೇರೆಯದೇ ನಾದ ಕೇಳಿತು. ಸೂತ್ರ ಹಾಕಿ ಕಂಡುಕೊಂಡದ್ದಲ್ಲ, ಕಿವಿಗೆ ಸಿಕ್ಕದ್ದು. ಅವರು ಅಲ್ಲಿಗೇ ಬಿಡಲಿಲ್ಲ ನೋಡು. ಯಾವ ಲೆಕ್ಕದಲ್ಲಿ ಅಲುಗಾಡಿಸಿದರೆ ಗಂಟೆಯ ನಾದ, ಯಾವ ಲೆಕ್ಕದಲ್ಲಿ ತುತ್ತೂರಿಯ ನಾದ ಎಂದು ವರ್ಷಗಟ್ಟಲೆ ಕಲಿತು 1973ರಲ್ಲಿ ಪ್ರಬಂಧ ಬರೆದರು. ಅದರ ಮೇಲೆ ಯಮಹಾ ಕಂಪನಿ 1983ರಲ್ಲಿ ಡಿಎಕ್ಸ್7 ಎಂಬ ಕೀಬೋರ್ಡ್ ತಂದಿತು. ಅದರಲ್ಲಿ ಒಂದು ಸದ್ದು ಕಟ್ಟಲು ಸುಮಾರು 145 ಅಂಕಿ ಹೊಂದಿಸಬೇಕು. ಹೆಚ್ಚಿನವರು ಆ ಗೋಜಿಗೇ ಹೋಗದೆ ಕಂಪನಿ ತುಂಬಿಕೊಟ್ಟ ಸದ್ದುಗಳಲ್ಲೇ ಹಾಡು ಮಾಡಿದರು. ಅವರನ್ನು ಯಾರೂ ಮೋಸಗಾರರು ಅನ್ನಲಿಲ್ಲ.

ನೀನೂ ಆ ರಾತ್ರಿ ಎಷ್ಟು ಸಲ ದಾಳ ಒತ್ತಿದ್ದೆ? ಐವತ್ತು ಸಲ ಅಂದುಕೋ. ನಲವತ್ತೊಂಬತ್ತು ಬ್ಯಾಡ, ಇದು ರಾಯಣ್ಣನ ಹಾಡಿಗೆ ಒಪ್ಪುತ್ತದೆ ಅಂದದ್ದು ಆ್ಯಪ್ ಅಲ್ಲ. ಯಲ್ಲಮ್ಮನ ಗುಡ್ಡದ ಪದ, ಗೀಗೀ ಪದ, ಭಜನೆ ಕೇಳುತ್ತ ಬೆಳೆದ ನಿನ್ನ ಕಿವಿ. ಆ ಆಯ್ಕೆ ನಿನ್ನದು. ಆದರೆ ಮುತ್ಯಾ ಕೇಳಿದ್ದರಲ್ಲೂ ಸತ್ಯವಿದೆ. ಆರಿಸಲು ನಿನಗೆ ಬಂತು, ಮತ್ತೆ ಕರೆತರಲು ಬರಲಿಲ್ಲ. ನಿನ್ನನ್ನು ಚುಚ್ಚುತ್ತಿರುವುದು ಅದೇ ಅಂತ ನನಗನಿಸುತ್ತದೆ.

ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋದಾಗ ಚೌಡಿಕೆ ಬಾರಿಸುವ ಜೋಗತಿಯ ಹತ್ತಿರ ಸ್ವಲ್ಪ ಹೊತ್ತು ಕೂತು ನೋಡು. ಒಂದೇ ತಂತಿ, ಸ್ವರಕ್ಕೆ ಮೆಟ್ಟಿಲಿಲ್ಲ. ತಂತಿ ಬಿಗಿಯಾದರೆ ನಾದ ಏರುತ್ತದೆ, ಸಡಿಲಾದರೆ ಇಳಿಯುತ್ತದೆ. ನಿನ್ನ ಭಾಷೆಯಲ್ಲಿ ಹೇಳುವುದಾದರೆ ಅವರ ಕೈಯಲ್ಲಿರುವುದು ಒಂದು ನಾಬ್. ಆ ಒಂದರ ಒಳಗೆಲ್ಲ ಓಡಾಡಿದ್ದಾರೆ, ಅದಕ್ಕೇ ಅಷ್ಟು ಮಾತು ಆಡಿಸುತ್ತಾರೆ. ನಿನಗೆ 30 ನಾಬ್ ಇವೆ, ಒಂದರ ಪರಿಚಯವೂ ಸರಿಯಾಗಿಲ್ಲ. ಬೈಯುತ್ತಿಲ್ಲ ತಮ್ಮಾ, ಶುರು ಎಲ್ಲಿಂದ ಅಂತ ಹೇಳುತ್ತಿದ್ದೇನೆ.

ದಾಳ ಒತ್ತು, ಆದರೆ ಎಲ್ಲವನ್ನೂ ಅದರ ಕೈಗೆ ಕೊಡಬ್ಯಾಡ. ಟ್ಯೂನಿಂಗ್ ಮತ್ತು ವಾಲ್ಯೂಮ್ ಮೊದಲೇ ಲಾಕ್ ಮಾಡು. ನಮ್ಮ ಕಡೆಯ ಹಳೆಯ ಪೇಟಿಗಳ ಶ್ರುತಿ ಎಷ್ಟೋ ಸಲ ಮೊಬೈಲಿನ ಶ್ರುತಿಗೆ ಸರಿಹೊಂದುವುದಿಲ್ಲ. ಹಾಡುಗಾರರು ಕರಿ ಎರಡರಲ್ಲಿ ಹಾಡುತ್ತಿದ್ದರೆ ಅವರ ಪೇಟಿಯ ಕರಿ ಎರಡನ್ನೇ ಕೇಳಿ ಆ್ಯಪ್ ಹೊಂದಿಸು, ಆಮೇಲೆ ಮುಟ್ಟಬ್ಯಾಡ. ದಾಳ ಅದನ್ನು ಒಂದು ಕೂದಲೆಳೆ ಅತ್ತಿತ್ತ ಮಾಡಿದರೂ ಹಾಡುವವರ ಗಂಟಲಿಗೆ ಹಿಂಸೆ. ಲಾಕ್ ಸೌಲಭ್ಯ ಇಲ್ಲದಿದ್ದರೆ ಪ್ರತಿ ಸಲ ಒತ್ತಿದ ಮೇಲೆ ಆ ಎರಡನ್ನು ಕೈಯಿಂದ ಸ್ವಸ್ಥಾನಕ್ಕೆ ತಾ. ಎಷ್ಟು ಬದಲಾಗಬೇಕು ಎಂದು ಕೇಳುವ ಆ್ಯಪ್ ಆದರೆ ನೂರಕ್ಕೆ ಹತ್ತರಷ್ಟು ಇಡು, ಇಷ್ಟವಾದ ಸದ್ದಿನ ಆಸುಪಾಸಿನಲ್ಲೇ ತಿರುಗಾಡಬಹುದು. ರೆಸೊನೆನ್ಸ್ ಒಮ್ಮೊಮ್ಮೆ ಮೇಲಕ್ಕೆ ಹಾರಿ ಕೂಗಿಬಿಡುತ್ತದೆ, ಇಯರ್‌ಫೋನ್ ಹಾಕಿಕೊಂಡಿದ್ದರೆ ಕಿವಿಗೆ ಪೆಟ್ಟು. ದಾಳ ಆಡುವಾಗ ಮೊಬೈಲಿನ ಸದ್ದು ಸಣ್ಣದಿರಲಿ, ಇದನ್ನು ಮರೆಯಬ್ಯಾಡ.

ಒಳ್ಳೆಯದು ಸಿಕ್ಕಿತೋ, ಬೇರೇನೂ ಮಾಡುವ ಮೊದಲು ಸೇವ್ ಮಾಡು. ‘ಪ್ರಿಸೆಟ್ 14’ ಅಂತಲ್ಲ, ‘ಸೋಗಲದ ನೀರು’ ಅಂತ ನಿನಗೆ ನೆನಪಿರುವ ಹೆಸರಿಡು. ಮರುದಿನ ಅದರ ಒಂದೊಂದೇ ನಾಬ್ ತಿರುಗಿಸಿ ಕೇಳು. ಎಷ್ಟೋ ನಾಬ್ ತಿರುಗಿಸಿದರೂ ಏನೂ ಆಗುವುದಿಲ್ಲ. ಮೂರೋ ನಾಲ್ಕೋ ಮುಟ್ಟಿದರೆ ಮಾತ್ರ ಜೀವ ಹೋಗುತ್ತದೆ. ಅವುಗಳ ಹೆಸರು, ಅಂಕಿ ನೋಟ್‌ಬುಕ್‌ನಲ್ಲಿ ಬರೆದಿಡು. ಇಪ್ಪತ್ತು ಸದ್ದಿಗೆ ಹೀಗೆ ಮಾಡಿದ ಮೇಲೆ ದಾಳ ಇಲ್ಲದೆಯೂ ಒಂದು ಸದ್ದು ಕಟ್ಟಲು ಕೂತು ನೋಡು.

ರಾಮದುರ್ಗದವರಿಗೆ ಇದ್ದದ್ದು ಹೇಳು: ‘ಆ ಸೌಂಡ್ ಸೇವ್ ಆಗಿಲ್ಲರೀ, ಅದರ ಜಾಡಿನಾಗ ಬೇರೆ ಮಾಡೀನಿ, ನಿಮ್ಮ ದನಿ ಕೂಡ ಕೇಳೋಣ ಬರ್ರಿ.’ ಹೊಸ ಹಾಡಿಗೆ ಹಳೆ ಹಾಡಿನ ಸದ್ದೇ ಯಾಕೆ ಬೇಕು ಎಂದು ಕೂತು ಮಾತಾಡಿದರೆ ಅವರೂ ಒಪ್ಪಿಯಾರು.

ಮುತ್ಯಾನ ಮೇಲೆ ಸಿಟ್ಟಾಗಬ್ಯಾಡ. ಅವರು ಪೇಟಿಯ ಮನೆಗಳನ್ನು ಬೆರಳಿಗೆ ಕಲಿಸಲು ಎಷ್ಟು ವರ್ಷ ಹಾಕಿದರು ಅಂತ ಕೇಳು. ಮುಂದಿನ ಭಜನೆಗೆ ಮೊಬೈಲ್, ಸಣ್ಣ ಸ್ಪೀಕರ್ ಒಯ್ದು, ಅವರು ಸಾ ಹಿಡಿದಾಗ ನಿನ್ನ ಸದ್ದನ್ನು ಮೆಲ್ಲಗೆ ಜೊತೆಗೆ ಬಿಡು. ಎಲ್ಲಿ ಕೂಡಿತು, ಎಲ್ಲಿ ಕಿರಿಕಿರಿ ಆಯಿತು ಅಂತ ಅವರು ಹೇಳುತ್ತಾರೆ. ನಾಬ್ ನೀನು ತಿರುಗಿಸು, ಸಾಕು ಅನ್ನುವುದು ಅವರಿಗೆ ಬಿಡು. ಏನಾಯಿತು ಅಂತ ನನಗೂ ಬರೆ.